ಸ್ವಂತ ಗುತ್ತಿಗೆಗೆ ಇಳಿಯುವ ಮುನ್ನ ಲೆಕ್ಕ ಹೀಗಿರಲಿ

ಮಂಗಳೂರು, ಉಡುಪಿಯಲ್ಲಿ ಮೇಸ್ತ್ರಿಯ ಕೈಕೆಳಗೆ ಪಳಗಿ, ಸ್ವಂತವಾಗಿ ಪೈಂಟಿಂಗ್, ಟೈಲ್ಸ್, ಮನೆ ರಿಪೇರಿಯ ಗುತ್ತಿಗೆ ಹಿಡಿದವರಲ್ಲಿ ಹಲವರು ಕೈಸುಟ್ಟುಕೊಳ್ಳುವುದು ಕೆಲಸ ಸಿಗದೆ ಅಲ್ಲ, ಒಂದು ಮನೆಯ ಮುಂಗಡದಿಂದ ಇನ್ನೊಂದು ಮನೆಯ ಬಾಕಿ ತೀರಿಸಿ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ನೋಂದಣಿ, ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ. ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ಬಳಿಕ ವ್ಯವಹಾರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಯುಪಿಐ ಕ್ಯೂಆರ್ ಅದಕ್ಕೇ ಜೋಡಿಸಿ. ಮನೆಖರ್ಚಿಗೆ ತಿಂಗಳಿಗೊಮ್ಮೆ ನಿಗದಿತ ಮೊತ್ತವಷ್ಟೇ ಅಲ್ಲಿಂದ ಹೊರಬೀಳಲಿ.

ಇನ್ನು ದರ. 3,00,000 ರೂಪಾಯಿಯ ಕೆಲಸ ಎಂದಿಟ್ಟುಕೊಳ್ಳಿ. ಸಾಮಾನು 1,40,000, ಕೂಲಿ 90,000, ಸಾಗಾಟ ಮತ್ತು ಅಟ್ಟಣಿಗೆ ಬಾಡಿಗೆ 15,000. ಉಳಿದ 55,000 ಲಾಭದಂತೆ ಕಾಣುತ್ತದೆ. ಒಡೆದ ಟೈಲ್ಸ್, ಮರುಕೆಲಸಕ್ಕೆ 15,000 ತೆಗೆದಿಡಿ. ನೀವೂ 25 ದಿನ ನಿಂತು ದುಡಿದಿದ್ದರೆ ದಿನಕ್ಕೆ 1,000ದಂತೆ ನಿಮ್ಮ ಸಂಬಳವೇ 25,000. ಕೊನೆಗೆ ಉಳಿಯುವುದು 15,000, ಅಂದರೆ ನೂರಕ್ಕೆ ಐದು. ಚೌಕಾಸಿಯಲ್ಲಿ ‘ಇಪ್ಪತ್ತು ಸಾವಿರ ಬಿಡಿ ಮಾರಾಯ್ರೆ’ ಎಂದಾಗ ತಲೆಯಾಡಿಸಿದರೆ ಕೈಯಿಂದಲೇ 5,000 ಹೋಗುತ್ತದೆ.

ಕಂತುಗಳನ್ನು 30, 30, 30, 10 ಶೇಕಡಾ ಎಂದು ಬರೆಸಿಕೊಳ್ಳಿ. ಎರಡನೇ ಮತ್ತು ಮೂರನೇ ಕಂತು ಆಯಾ ಹಂತ ಶುರುವಾಗುವ ಮೊದಲೇ ಬರಬೇಕು. ಇಲ್ಲಿ 90,000 ಮುಂಗಡಕ್ಕೆ 1,40,000ದ ಸಾಮಾನನ್ನು ಒಂದೇ ಸಲ ಇಳಿಸಿದರೆ ಮೊದಲ ವಾರವೇ ಸಾಲ. ಶನಿವಾರದ ಬಟವಾಡೆಯಂತೂ ಕಾಯುವುದಿಲ್ಲ: ಐದು ಜನ, ಸರಾಸರಿ 900 ರೂಪಾಯಿ, ಆರು ದಿನ ಎಂದರೆ 27,000. ಎರಡು ವಾರದ ಬಟವಾಡೆ ಖಾತೆಯಲ್ಲಿ ಇಲ್ಲದೆ ಎರಡನೇ ಕೆಲಸ ಒಪ್ಪಬೇಡಿ. ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಮನೆಯವರು ಫೋನಿನಲ್ಲಿ ‘ಅದನ್ನೂ ಒಂದು ಮಾಡಿಬಿಡಿ’ ಎನ್ನುವುದುಂಟು. ಅಳತೆ, ದರ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಒಪ್ಪಿಗೆ ಬಂದ ಮೇಲೆಯೇ ಕೈಹಚ್ಚಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಪೈಂಟಿಂಗ್ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮನೆಖರ್ಚು ತಿಂಗಳಿಗೆ 30,000 ಇದ್ದರೆ ನಾಲ್ಕು ತಿಂಗಳಿಗೆ 1,20,000 ಬೇಕು. ಉಳಿದ ಎಂಟು ತಿಂಗಳು 15,000ದಂತೆ ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟಿ. ಮಳೆಗಾಲದಲ್ಲಿ ಒಳಗಿನ ಕೆಲಸ ಸಿಕ್ಕರೆ ಲಾಭವೇ, ಆದರೆ ಅದನ್ನು ನೆಚ್ಚಿ ಲೆಕ್ಕ ಹಾಕಬೇಡಿ.

ಜಿಎಸ್‌ಟಿಯಲ್ಲಿ ಎಡವುವ ಜಾಗ ಒಂದಿದೆ. ಸೇವೆಗೆ ವರ್ಷಕ್ಕೆ 20 ಲಕ್ಷದ ಮಿತಿ ಎಂದಾಗ ಹಲವರು ತಮ್ಮ ಲಾಭವನ್ನೋ ಕೂಲಿಯನ್ನೋ ಮಾತ್ರ ಎಣಿಸುತ್ತಾರೆ. ಸಾಮಾನು ಸೇರಿದ ಪೂರ್ತಿ ಬಿಲ್ಲೇ ವಹಿವಾಟು. ಮೇಲಿನಂಥ ಏಳು ಕೆಲಸಕ್ಕೆ ಮಿತಿ ದಾಟುತ್ತದೆ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಕರಾರಿನಲ್ಲಿ ‘ಜಿಎಸ್‌ಟಿ ಅನ್ವಯಿಸಿದರೆ ಪ್ರತ್ಯೇಕ’ ಎಂಬ ಸಾಲು ಇಲ್ಲದಿದ್ದರೆ, 18 ಶೇಕಡಾ ದರದಲ್ಲಿ 3,00,000ದೊಳಗಿನ 45,763 ರೂಪಾಯಿ ತೆರಿಗೆಯೇ ಆಗಿಬಿಡುತ್ತದೆ.

ನಗದು ಆದಷ್ಟು ಕಡಿಮೆ ಮಾಡಿ. ಒಬ್ಬರಿಂದ ಒಂದೇ ಕೆಲಸಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಂತು ಕಂತಾಗಿ ಪಡೆದರೂ ಬಿಡುವುದಿಲ್ಲ. ವಹಿವಾಟಿನ ಇಂತಿಷ್ಟು ಪಾಲನ್ನೇ ಲಾಭವೆಂದು ಲೆಕ್ಕ ಹಿಡಿಯುವ ‘ಅಂದಾಜು ಲಾಭ’ದ ಪದ್ಧತಿಯಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಬ್ಯಾಂಕ್ ಮೂಲಕ ಬಂದ ಹಣದ ಕನಿಷ್ಠ 6 ಶೇಕಡಾ, ನಗದಿನ 8 ಶೇಕಡಾ ಲಾಭವೆಂದು ತೋರಿಸಬೇಕು. ಮುಂಗಡ ತೆರಿಗೆ ಇದ್ದರೆ ಮಾರ್ಚ್ 15ರೊಳಗೆ ಒಂದೇ ಕಂತು. ಕಂಪನಿಗಳ ಕೆಲಸ ಮಾಡಿದರೆ ಬಿಲ್ಲಿನಲ್ಲಿ 1 ಶೇಕಡಾ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿಯುತ್ತಾರೆ, ಪ್ಯಾನ್ ಕೊಡದಿದ್ದರೆ 20. ಮುರಿದದ್ದು ನಿಮ್ಮ ಹೆಸರಿಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ವರ್ಷ ಕಳೆದ ಮೇಲೆ ಅವರ ಲೆಕ್ಕಪತ್ರದವರನ್ನು ಹಿಡಿಯುವುದೇ ಒಂದು ಕೆಲಸ.