ಮೂರು ಹಳೆಯ ಉತ್ತರ, ಒಂದು ಕೆಂಪು ಪೆನ್ನು

"ಹಳೆಯ ಅಸೈನ್‌ಮೆಂಟ್ ತೋರಿಸಿದರೆ ಹುಡುಗರು ಅದನ್ನೇ ಕಾಪಿ ಹೊಡೀತಾರೆ" ಅಂತ ನಮ್ಮ ವಿಭಾಗದ ಮೇಷ್ಟ್ರುಗಳೆಲ್ಲ ಹೇಳಿದ್ದರು. ಈಗ ಅವರೇ ಹಳೆಯ ಉತ್ತರಗಳ ನನ್ನ ಫೈಲ್ ಕೇಳಿಕೊಂಡು ಬರುತ್ತಾರೆ.

ಮೊದಲ ವರ್ಷ ನಾನು ಮಾಡಿದ್ದು, ಅಸೈನ್‌ಮೆಂಟ್ ಬರೆಯುವುದು ಹೇಗೆ ಅಂತ 40 ಪುಟದ ಕೈಪಿಡಿ. 'ವಿವರಿಸಿ' ಅಂದರೇನು, 'ವಿಮರ್ಶಿಸಿ' ಅಂದರೇನು, ಉಲ್ಲೇಖ ಎಲ್ಲಿ ಕೊಡಬೇಕು, ಎಲ್ಲ ಅದರಲ್ಲಿತ್ತು. ವಿಭಾಗ ದುಡ್ಡು ಕೊಡಲಿಲ್ಲ. 60 ಪ್ರತಿಯನ್ನೂ ಕೈಯಿಂದಲೇ ದುಡ್ಡು ಹಾಕಿ ಜೆರಾಕ್ಸ್ ಮಾಡಿಸಿದೆ. ತರಗತಿ ಮುಗಿದಾಗ ಹದಿನೈದಿಪ್ಪತ್ತು ಪ್ರತಿ ಬೆಂಚಿನ ಮೇಲೇ ಬಿದ್ದಿದ್ದವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುವರ್ಷ ಕೃತಿಚೌರ್ಯದ ಬಗ್ಗೆ ಎರಡು ಗಂಟೆ ಹೆದರಿಸಿದೆ. ನೀರು ಕುದಿಯುತ್ತದೆ ಅನ್ನುವುದಕ್ಕೂ ಉಲ್ಲೇಖ ಹಾಕಿ ತಂದರು! ಸ್ವಂತ ಮಾತು ಒಂದೂ ಇಲ್ಲ. ಆಮೇಲೆ ಒಂದು ಅತ್ಯುತ್ತಮ ಉತ್ತರವನ್ನು ಮಾದರಿಯಾಗಿ ಕೊಟ್ಟೆ. ಅರ್ಧ ತರಗತಿ ಅದರ ಮೊದಲ ಸಾಲಿನಿಂದಲೇ ಶುರು ಮಾಡಿತು. "ಹೇಳಿರಲಿಲ್ವಾ?" ಅಂತ ವಿಭಾಗದವರು ನಕ್ಕರು.

ತಪ್ಪು ಮಾದರಿಯದಲ್ಲ, ಒಂದೇ ಕೊಟ್ಟಿದ್ದರದ್ದು. ಈಗ ಮೂರು ಕೊಡುತ್ತೇನೆ. ಅವರು ಬರೆಯಬೇಕಾದ ಪ್ರಶ್ನೆಯದ್ದಲ್ಲ, ಬೇರೆ ಪ್ರಶ್ನೆಯದ್ದು. ಬರೆದವರ ಒಪ್ಪಿಗೆ ಪಡೆದು, ಹೆಸರು ತೆಗೆದು. ಒಂದು ಚೆನ್ನಾಗಿದೆ, ಒಂದು ಸಾಧಾರಣ, ಇನ್ನೊಂದು ಬರೀ ಥಳುಕು. ಕೆಂಪು ಪೆನ್ನು ಕೊಟ್ಟು "ನೀವೇ ಅಂಕ ಹಾಕಿ, ಕಾರಣ ಒಂದು ಸಾಲು ಬರೆಯಿರಿ" ಅನ್ನುತ್ತೇನೆ.

ಪ್ರತಿ ವರ್ಷವೂ ಥಳುಕಿನದ್ದಕ್ಕೇ ಜಾಸ್ತಿ ಅಂಕ. ನಾನು ಹಾಕಿದ್ದು 10ಕ್ಕೆ 4 ಅಂದಾಗ ಗಲಾಟೆ ಶುರು.

"ಸರ್, ಇಷ್ಟೊಂದು ಪುಸ್ತಕ ಓದಿದ್ದಾರಲ್ಲ?"

"ಓದಿದ್ದಾರೆ. ಪ್ರಶ್ನೆಗೆ ಉತ್ತರ ಯಾವ ಸಾಲಿನಲ್ಲಿದೆ, ಗೆರೆ ಎಳೆದು ತೋರಿಸಿ."

ಹುಡುಕುತ್ತಾರೆ, ಸಿಗುವುದಿಲ್ಲ. ಆಮೇಲೆ ಸುಮ್ನೆ ತಮ್ಮದೇ ಕರಡು ತೆಗೆದು ಅದರಲ್ಲೂ ಹುಡುಕತೊಡಗುತ್ತಾರೆ.

ಒಳ್ಳೆಯ ಕೆಲಸ ಹೇಗಿರುತ್ತದೆ ಅನ್ನುವುದು ಮೇಷ್ಟ್ರಿಗೆ ಗೊತ್ತಿದ್ದರೆ ಸಾಲದು, ವಿದ್ಯಾರ್ಥಿಗೂ ಗೊತ್ತಿರಬೇಕು ಅಂತ ಆಸ್ಟ್ರೇಲಿಯಾದ ಶಿಕ್ಷಣತಜ್ಞ ರಾಯ್ಸ್ ಸ್ಯಾಡ್ಲರ್ 1989ರಲ್ಲೇ ಬರೆದಿದ್ದಾರೆ. ನಾನು ಓದಿದ್ದು ಇಷ್ಟೆಲ್ಲ ಪೆಟ್ಟು ತಿಂದ ಮೇಲೆ.

ಸಾಧಾರಣ ಉತ್ತರವನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಇಡೀ ಕಸುಬು ಇರುವುದೇ ಅಲ್ಲಿ.

ನಡುವೆ ಟಿಪ್ಪಣಿ ಬರೆಯುವ ಬದಲು ಧ್ವನಿ ರೆಕಾರ್ಡ್ ಮಾಡಿ ಕಳಿಸಿ ನೋಡಿದೆ. ತಲೆಗೆ ಮೂರು ನಿಮಿಷ, 60 ಜನಕ್ಕೆ ಮೂರು ಗಂಟೆ. ಗಂಟಲು ಕಟ್ಟಿತು, ಬಿಟ್ಟೆ. ಅಂಕ ಮುಚ್ಚಿಟ್ಟು ವಾರದ ಮಟ್ಟಿಗೆ ಬರೀ ಟಿಪ್ಪಣಿ ಕೊಟ್ಟಿದ್ದು ಮಾತ್ರ ಉಳಿದುಕೊಂಡಿದೆ.

ಮೊದಲೆಲ್ಲ ಸುಮಾರು ಇಪ್ಪತ್ತು ಜನ ಮತ್ತೆ ಬರೆದುಕೊಡಬೇಕಾಗುತ್ತಿತ್ತು, ಈಗ ಆರೇಳು. ಖರ್ಚು ತಲೆಗೆ ಆರು ಹಾಳೆ, ಒಂದು ಕೆಂಪು ಪೆನ್ನು. ಹಾಳೆ ವಾಪಸ್ ಬರುತ್ತವೆ, ಪೆನ್ನು ಬರುವುದಿಲ್ಲ.