ಟೇಪ್ ಹಾಕಿಸಿ ಹತ್ತು ವರ್ಷದ ಮೇಲೆ ಮತ್ತೆ ಸೋರಿದರೆ

ಕೆಮ್ಮಿದಾಗ, ಸೀನಿದಾಗ, ಬಕೆಟ್ ಎತ್ತಿದಾಗ ಮೂತ್ರ ಸೋರುವುದಕ್ಕೆ ಹೆಂಗಸರಿಗೆ ಮಾಡುವ ಟೇಪ್ ಆಪರೇಷನ್ ಸಾಮಾನ್ಯವಾಗಿ ಚೆನ್ನಾಗಿ ಬಾಳುತ್ತದೆ. ಮೂತ್ರನಾಳದ ಕೆಳಗೆ ಸುಮಾರು 1 ಸೆಂ.ಮೀ. ಅಗಲದ ಪಾಲಿಪ್ರೊಪಿಲೀನ್ ಪಟ್ಟಿ ಕೂರಿಸುವ ಈ ವಿಧಾನ 1990ರ ದಶಕದಲ್ಲಿ ಸ್ವೀಡನ್ನಿನಿಂದ ಬಂದದ್ದು. ಆಗ ಮಾಡಿಸಿಕೊಂಡವರಲ್ಲಿ 17 ವರ್ಷದ ನಂತರ ಪರೀಕ್ಷೆಗೆ ಬಂದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಕೆಮ್ಮಿದರೂ ಸೋರಲಿಲ್ಲ. ಬಾರದವರ ಕಥೆ ಈ ಲೆಕ್ಕದಲ್ಲಿಲ್ಲ ಅನ್ನುವುದು ನೆನಪಿರಲಿ.

ಹಾಗಾಗಿ ಮತ್ತೆ ಒದ್ದೆಯಾದರೆ ‘ಟೇಪ್ ಹೋಯಿತು’ ಎಂದುಕೊಳ್ಳುವ ಮೊದಲು ಯಾವಾಗ ಸೋರಿತು ನೋಡಿ. ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ, ಸೀನುವಾಗ ಸೋರಿದರೆ ಹಳೆಯ ತೊಂದರೆಯೇ. ಮನೆ ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ ತಡೆಯಲಾಗದೆ ಸೋರಿದರೆ ಅದು ಮೂತ್ರಕೋಶದ ಅವಸರ. ಇನ್ನೊಂದು ಟೇಪ್ ಅದಕ್ಕೆ ಮದ್ದಲ್ಲ. ಮರಾಠಿ ಡಾಕ್ಟರಿಗೆ ಮೊದಲನೆಯದನ್ನು ‘ಖೋಕಲ್ಯಾವರ್ ಲಘವೀ ಹೋತೇ’ ಎಂದೂ ಎರಡನೆಯದನ್ನು ‘ಘಾಈ ಹೋತೇ, ಥಾಂಬವತ ನಾಹೀ’ ಎಂದೂ ಬೇರೆಬೇರೆಯಾಗಿ ಹೇಳಿ.

ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ದಿನ ಮೂತ್ರದ ಲೆಕ್ಕ ಬರೆದಿಡಿ. ಒಂದು ಅಳತೆ ಜಗ್ಗು ಬಾತ್‌ರೂಮಿಗೇ ಮೀಸಲಿಡಿ. ಒಂದು ಸಾಲು ಹೀಗಿದ್ದರೆ ಸಾಕು: ‘8.40, 90 ಮಿ.ಲೀ., ಅವಸರ, ಬಾಗಿಲಲ್ಲೇ ಒದ್ದೆ. ಮುಂಚೆ ಎರಡು ಕಪ್ ಚಹಾ’. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲವೆಂದು ನೀರೇ ಕುಡಿಯದೆ ಓಡಾಡುವವರು ಆ ಮೂರು ದಿನವೂ ಹಾಗೇ ಇದ್ದು, ಅದನ್ನೂ ಬರೆಯಿರಿ. ಡೈರಿಗೆಂದು ಒಳ್ಳೆಯವರಾಗಬೇಡಿ.

ಮೂತ್ರ, ಸಕ್ಕರೆ ಪರೀಕ್ಷೆಯ ಜೊತೆಗೆ, ಮೂತ್ರ ಮಾಡಿ ಬಂದ ಮೇಲೆ ಒಳಗೆಷ್ಟು ಉಳಿಯಿತು ಎಂದು ಸೋನೋಗ್ರಫಿ ಆಗಬೇಕು. ಇಲ್ಲೇ ಎಡವಟ್ಟಾಗುವುದು: ಲೀಟರ್‌ಗಟ್ಟಲೆ ನೀರು ಕುಡಿದು, ಹೊಟ್ಟೆ ಬಿರಿಯುವವರೆಗೆ ಕಾದರೆ ಉಳಿಕೆ ಸುಳ್ಳಾಗಿ ಹೆಚ್ಚು ತೋರುತ್ತದೆ. ಎಂದಿನಷ್ಟೇ ಒತ್ತಡ ಬಂದಾಗ ಸೋನೋಗ್ರಫಿಯವರಿಗೆ ಹೇಳಿ.

ಧಾರೆ ಸಣ್ಣಗಾಗಿ ತಿಣುಕಬೇಕಾದರೆ, ಸೋಂಕು ಮರುಕಳಿಸುತ್ತಿದ್ದರೆ ಟೇಪ್ ಬಿಗಿಯಾಗಿರಬಹುದು. ಯೋನಿಯಲ್ಲಿ ರಕ್ತ, ಸ್ರಾವ, ಅಥವಾ ಕೂಡುವಾಗ ಗಂಡನಿಗೆ ಏನೋ ಚುಚ್ಚಿದಂತಾದರೆ ಟೇಪ್ ಹೊರಗೆ ಕಾಣಿಸಿಕೊಂಡಿರಬಹುದು. ವರ್ಷಗಳ ಮೇಲೂ ಹೀಗಾಗುತ್ತದೆ, ತಡಮಾಡಬೇಡಿ.

ಡಿಸ್ಚಾರ್ಜ್ ಕಾಗದ, ಆಪರೇಷನ್ ನೋಟ್, ಟೇಪಿನ ಲಾಟ್ ನಂಬರಿನ ಸ್ಟಿಕ್ಕರ್ ಫೋಟೊ ತೆಗೆದಿಡಿ. ಟೇಪ್ ತೊಡೆಯ ಕಡೆಯಿಂದ ಹೋಗಿದೆಯೋ ಹೊಟ್ಟೆಯ ಕಡೆಯಿಂದಲೋ ಎಂಬುದು ಆ ನೋಟ್‌ನಲ್ಲೇ ಇರುತ್ತದೆ. 2002ರ ವೈದ್ಯಕೀಯ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಇಟ್ಟರೆ ಸಾಕು. ಹತ್ತನೇ ವರ್ಷಕ್ಕೆ ಕೇಳಿದರೆ ಆಸ್ಪತ್ರೆಯಲ್ಲಿ ಸಿಗದೇ ಹೋಗಬಹುದು.