ಹಾಲು ಒಗ್ಗದ ಹೊಟ್ಟೆಯ ಲೆಕ್ಕಪುಸ್ತಕ

ಬೆಳಿಗ್ಗೆ ಹತ್ತು ಗಂಟೆಯಾಗುತ್ತಿದ್ದಂತೆ ನನ್ನ ಹೊಟ್ಟೆ ಮಾತನಾಡಲು ಶುರುಮಾಡುತ್ತಿತ್ತು. ಪಿಸುಮಾತಲ್ಲ, ಪಕ್ಕದ ಕುರ್ಚಿಯವರು ತಲೆಯೆತ್ತಿ ನೋಡುವಷ್ಟು ಜೋರಾದ ಗುಡುಗುಡು. ನನ್ನದು ಲೆಕ್ಕಪರಿಶೋಧನೆಯ ಕೆಲಸ. ನಾಲ್ಕೈದು ಜನ ಸದ್ದಿಲ್ಲದೆ ಕಡತ ಬಿಡಿಸಿಕೊಂಡು ಕುಳಿತಿರುವ ಕೋಣೆಯಲ್ಲಿ ಅಂಥ ಸದ್ದು ಎದ್ದರೆ ಅದರ ವಾರಸುದಾರರು ಯಾರೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಆಮೇಲೆ ಉಬ್ಬರ, ಹೊಕ್ಕುಳ ಸುತ್ತ ಹಿಂಡಿದಂಥ ನೋವು, ಎರಡು ಬಾರಿ ಶೌಚಾಲಯಕ್ಕೆ ಓಟ. ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲವೂ ತಣ್ಣಗಾಗುತ್ತಿತ್ತು. ಹೀಗೆಯೇ ಮೂರು ವರ್ಷ ಕಳೆದವು.

ಆ ಮೂರು ವರ್ಷವೂ ನಾನು ದೂರಿದ್ದು ಕೆಲಸದ ಒತ್ತಡವನ್ನು, ಖಾರವನ್ನು, ನಿದ್ದೆಗೇಡನ್ನು. ಒಬ್ಬ ವೈದ್ಯರು ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು ಮಾತ್ರೆ ಬರೆದುಕೊಟ್ಟರು. ಆರು ತಿಂಗಳು ತಪ್ಪದೆ ನುಂಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಹೊಟ್ಟೆ ತಂಪಾಗಲೆಂದು ಅದರ ಹಿಂದೆಯೇ ದೊಡ್ಡ ಲೋಟದ ತುಂಬ ಹಾಲು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎನ್ನುತ್ತಾರಲ್ಲ, ಹಾಗೆ. ನಿಜಕ್ಕೂ ತುಪ್ಪವನ್ನೇ ಸುರಿದಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ತುಪ್ಪದಲ್ಲಿ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ.

ಸುಳಿವು ಕೊಟ್ಟವಳು ಅಕ್ಕ. ಅವಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅವಳು ಹಾಲು ಕುಡಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು, ಹಾಗಾಗಿ ನಾನೂ ಕಪ್ಪು ಚಹಾ ಕುಡಿದೆ. ಮೂರನೆಯ ದಿನ ಹತ್ತು ಗಂಟೆ ದಾಟಿ ಹನ್ನೊಂದಾದರೂ ಹೊಟ್ಟೆ ತೆಪ್ಪಗಿತ್ತು. ಹೇಳಿದಾಗ ಅವಳು, “ನನ್ನ ಹಾಗೆ ನಿನಗೂ ಹಾಲು ಒಗ್ಗುವುದಿಲ್ಲವೇನೋ” ಎಂದಳು.

“ಹುಟ್ಟಿದಾಗಿನಿಂದ ಕುಡಿಯುತ್ತಿದ್ದೇನಲ್ಲ ಅಕ್ಕ!”

“ನಾನೇನು ಕುಡಿಯುತ್ತಿರಲಿಲ್ಲವೇ?”

ನನ್ನ ಆ ಒಂದು ವಾಕ್ಯದಲ್ಲೇ ಇಡೀ ತಪ್ಪು ತಿಳಿವಳಿಕೆ ಅಡಗಿತ್ತು. ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಅಂಟಿಕೊಂಡಿರುವ ಜೋಡಿ. ಜೋಡಿಯಾಗಿರುವಷ್ಟು ಹೊತ್ತು ಅದು ಕರುಳಿನಿಂದ ರಕ್ತಕ್ಕೆ ದಾಟದು. ಅದನ್ನು ಬಿಡಿಸಬೇಕಾದದ್ದು ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ. ಎದೆಹಾಲು ಕುಡಿಯುವ ಕೂಸಿನಲ್ಲಿ ಈ ಕಿಣ್ವ ಧಾರಾಳ. ಹಾಲು ಬಿಡುವ ವಯಸ್ಸು ದಾಟಿದ ಮೇಲೆ ಬಹುಪಾಲು ಮನುಷ್ಯರಲ್ಲಿ ಅದು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಕೆಲವರಿಗೆ ಬಾಲ್ಯದಲ್ಲೇ ಅದರ ಪರಿಣಾಮ ತಿಳಿಯುತ್ತದೆ, ನನ್ನಂಥವರಿಗೆ ಮೂವತ್ತು ದಾಟಿದ ಮೇಲೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಪಾಲು ಜನರಿಗೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗುವುದಿಲ್ಲ. ದೊಡ್ಡವರಾದ ಮೇಲೂ ಕಿಣ್ವವನ್ನು ಉಳಿಸಿಕೊಂಡವರೇ ಮನುಷ್ಯಕುಲದಲ್ಲಿ ಹೊಸಬರು. ಅದಕ್ಕೆ ಕಾರಣವಾದ ಒಂದು ಸಣ್ಣ ವಂಶವಾಹಿ ಬದಲಾವಣೆಯನ್ನು ಫಿನ್ಲೆಂಡಿನ ಕುಟುಂಬಗಳಲ್ಲಿ ಗುರುತಿಸಿದ ಸಂಶೋಧನೆ ಪ್ರಕಟವಾದದ್ದು 2002ರಲ್ಲಿ. ಇದನ್ನು ಓದಿದ ದಿನ ನನಗೆ ಒಂದು ಬಗೆಯ ಸಮಾಧಾನವಾಯಿತು. ನನ್ನದು ಕೆಟ್ಟ ಹೊಟ್ಟೆಯಲ್ಲ, ಹಳೆಯ ಮಾದರಿಯ ಹೊಟ್ಟೆ.

ಬಿಡಿಸದೆ ಉಳಿದ ಸಕ್ಕರೆ ಎರಡು ಕಿತಾಪತಿ ಮಾಡುತ್ತದೆ. ಹೋದ ದಾರಿಯಲ್ಲೆಲ್ಲ ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ, ಬೇಧಿ ಅದರಿಂದ. ದೊಡ್ಡ ಕರುಳಿಗೆ ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಹೊರಬಿಡುತ್ತವೆ. ಉಬ್ಬರವೂ ಗುಡುಗುಡುವೂ ಅದರಿಂದ. ಇದಕ್ಕೆಲ್ಲ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಎಂಟೂವರೆಯ ಹಾಲು ಹತ್ತು ಗಂಟೆಗೆ ಮಾತನಾಡುತ್ತಿದ್ದುದು ಸರಿಯಾಗಿ ಹೊಂದಿತು.

ಊಹೆಯನ್ನು ನಂಬಿ ಕೂರುವುದು ನನ್ನ ವೃತ್ತಿಗೆ ಹೇಳಿದ್ದಲ್ಲ. ಒಂದು ಗೆರೆಪುಸ್ತಕ ತಂದೆ. ಮೂರು ಕಂಬ ಎಳೆದೆ: ಏನು ತಿಂದೆ ಮತ್ತು ಎಷ್ಟು, ಎಷ್ಟು ಹೊತ್ತಿಗೆ, ಹೊಟ್ಟೆ ಏನೆಂದಿತು. ಎರಡು ವಾರ ಎಂದಿನಂತೆ ತಿಂದು ಬರೆದೆ, ಎರಡು ವಾರ ಹಾಲಿನ ಪದಾರ್ಥ ಮುಟ್ಟದೆ ಬರೆದೆ. ಪುಟಗಳು ಅಕ್ಕನ ಮಾತಿಗೆ ರುಜು ಹಾಕಿದವು. ಆದರೂ ಪುಸ್ತಕ ಹಿಡಿದು ಹೊಟ್ಟೆಯ ತಜ್ಞರ ಬಳಿಗೆ ಹೋದದ್ದು ಒಳ್ಳೆಯದೇ ಆಯಿತು. ಅವರು ಮೊದಲು ಕೇಳಿದ್ದು ಹಾಲಿನ ವಿಷಯವನ್ನಲ್ಲ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಹೋಗುತ್ತದೆಯೇ, ನಡುರಾತ್ರಿ ನಿದ್ದೆಯಿಂದೆಬ್ಬಿಸುವ ಬೇಧಿ ಇದೆಯೇ, ಜ್ವರ ಬರುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ಹಾಲನ್ನು ದೂರುತ್ತಾ ಕೂರಬಾರದು, ಬೇರೆ ಕಾಯಿಲೆಯನ್ನು ಹುಡುಕಬೇಕು ಎಂದರು. ಇತ್ತೀಚೆಗೆ ಜೋರಾದ ವಾಂತಿಬೇಧಿ ಆಗಿತ್ತೇ ಎಂದೂ ಕೇಳಿದರು. ಕರುಳಿನ ಒಳಪದರ ಸೋಂಕಿನಿಂದ ಗಾಯಗೊಂಡರೆ ಕಿಣ್ವ ತಾತ್ಕಾಲಿಕವಾಗಿ ಕುಸಿಯುತ್ತದೆ, ಪದರ ಮಾಯ್ದಂತೆ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆಯಂತೆ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯೂ ಹೀಗೆಯೇ ವೇಷ ಹಾಕುವುದರಿಂದ ಅದಕ್ಕೊಂದು ರಕ್ತಪರೀಕ್ಷೆ ಮಾಡಿಸಿದರು. ಅದು ಇರಲಿಲ್ಲ. ಆಮೇಲೆ ಉಸಿರಿನ ಪರೀಕ್ಷೆ.

ಹೊಟ್ಟೆಯ ತೊಂದರೆಗೆ ಉಸಿರನ್ನೇಕೆ ಅಳೆಯುತ್ತಾರೆ ಎಂದು ನಾನೂ ಕೇಳಿದ್ದೆ. ನಮ್ಮ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಕರುಳಿನಲ್ಲಿ ಹುಟ್ಟಿದ ಆ ಅನಿಲದ ಒಂದು ಪಾಲು ರಕ್ತ ಸೇರಿ, ಶ್ವಾಸಕೋಶದ ಮೂಲಕ ಹೊರಗೆ ಬರುತ್ತದೆ. ಅಲ್ಲಿ ಕಾದು ಕುಳಿತು ಹಿಡಿಯುವುದು ಅಷ್ಟೇ. ಹಿಂದಿನ ನಾಲ್ಕು ವಾರ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು, ಹಿಂದಿನ ರಾತ್ರಿ ನಾರು ಕಡಿಮೆಯಿರುವ ಊಟ, ಆಮೇಲೆ ನೀರು ಬಿಟ್ಟು ಏನೂ ಇಲ್ಲ. ಬೆಳಿಗ್ಗೆ ಯಂತ್ರದ ಕೊಳವೆಗೆ ಒಮ್ಮೆ ಊದಿಸಿ, 25 ಗ್ರಾಂ ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿದರು. ಅರ್ಧ ಲೀಟರ್ ಹಾಲಿನಲ್ಲಿರುವಷ್ಟು ಸಕ್ಕರೆ ಅದು. ಆದರೆ ರುಚಿ ಸಪ್ಪೆ ಸಿಹಿ, ಸಕ್ಕರೆ ಹಾಕಲು ಮರೆತ ಶರಬತ್ತಿನಂತೆ. ಆಮೇಲೆ ಅರ್ಧ ಗಂಟೆಗೊಮ್ಮೆ ಊದುವುದು, ಮೂರು ಗಂಟೆ ಕಾಲ. ಓಡಾಡುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಮೊದಲ ಅಂಕಿ 4. ಒಂದು ಗಂಟೆಗೆ 9. ಒಂದೂವರೆ ಗಂಟೆಗೆ 31. ಎರಡು ಗಂಟೆಗೆ 58. ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂಬ ಲೆಕ್ಕ ಅದು. ಮೊದಲ ಅಂಕಿಗಿಂತ 20 ಏರಿದರೆ ಜೀರ್ಣವಾಗಿಲ್ಲವೆಂದು ಅರ್ಥ. 58 ನೋಡುವ ಹೊತ್ತಿಗೆ ನನಗೆ ಯಂತ್ರದ ಸಾಕ್ಷಿ ಬೇಕಾಗಿರಲಿಲ್ಲ, ಬಾಗಿಲು ಎತ್ತ ಇದೆಯೆಂದು ತಿಳಿದರೆ ಸಾಕಾಗಿತ್ತು.

ಮನೆಗೆ ಬಂದವನು ಮಾಡಿದ ಮೊದಲ ಕೆಲಸವೇ ತಪ್ಪು. ಹಾಲು, ಮೊಸರು, ಬೆಣ್ಣೆ, ಚೀಸ್ ಎಲ್ಲವನ್ನೂ ಹೊರಗಟ್ಟಿದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಹೊಟ್ಟೆ ಸುಮ್ಮನಾಯಿತು, ನಿಜ. ಆದರೆ ಎಂಟು ತಿಂಗಳ ನಂತರ ತಪಾಸಣೆಗೆ ಹೋದಾಗ ವೈದ್ಯರು ನನ್ನ ಪುಸ್ತಕ ತಿರುವಿ, “ಇದರಲ್ಲಿ ಕ್ಯಾಲ್ಸಿಯಂ ಎಲ್ಲಿದೆ, ತೋರಿಸಿ” ಎಂದರು. ತೋರಿಸಲು ಏನೂ ಇರಲಿಲ್ಲ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. ನನ್ನದು ಅದರ ಅರ್ಧವೂ ಆಗುತ್ತಿರಲಿಲ್ಲ. “ನಿಮಗೆ ಹಾಲು ಆಗುವುದಿಲ್ಲ ಎಂದು ನಾನು ಹೇಳಲಿಲ್ಲ, 25 ಗ್ರಾಂ ಆಗುವುದಿಲ್ಲ ಎಂದೆ. ಎಷ್ಟು ಆಗುತ್ತದೆಂದು ನೀವೇ ಕಂಡುಹಿಡಿಯಿರಿ” ಎಂದರು. ಲೆಕ್ಕದವನಿಗೆ ಲೆಕ್ಕ ಕಲಿಸಿದರು.

ಕಂಡುಹಿಡಿದ ಬಗೆ ಇದು. ಗೆರೆ ಹಾಕಿದ ಅಳತೆಲೋಟ ಕೊಂಡೆ. ಹಾಲಿನ 100 ಮಿಲಿಲೀಟರಿನಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ 5 ಗ್ರಾಂ. ಮೊದಲ ಮೂರು ದಿನ 50 ಮಿಲಿಲೀಟರ್, ಹೊಟ್ಟೆ ತುಂಬ ತಿಂಡಿ ತಿಂದ ಮೇಲೆ. ಸದ್ದಿಲ್ಲ. ಮುಂದಿನ ಮೂರು ದಿನ 100. ಸದ್ದಿಲ್ಲ. 150ಕ್ಕೆ ಸಣ್ಣ ಗುಡುಗು, ನೋವಿಲ್ಲ. 200ಕ್ಕೆ ಹಳೆಯ ಕಥೆ. ಪ್ರತಿ ಹೆಜ್ಜೆಗೆ ಮೂರು ದಿನ ಏಕೆಂದರೆ, ಒಂದೇ ದಿನದ ಫಲಿತಾಂಶವನ್ನು ನಂಬಿದರೆ ಹಿಂದಿನ ರಾತ್ರಿಯ ಹುರುಳಿಯ ತಪ್ಪನ್ನೂ ಹಾಲಿನ ತಲೆಗೆ ಕಟ್ಟುವ ಅಪಾಯವಿದೆ. ಅದೇ 100 ಮಿಲಿಲೀಟರನ್ನು ಖಾಲಿ ಹೊಟ್ಟೆಗೆ ಕುಡಿದು ನೋಡಿದಾಗ ಮಾತ್ರ ಹೊಟ್ಟೆ ಗೊಣಗಿತು. ಊಟದ ಜೊತೆಗಾದರೆ ಜಠರದಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಉಳಿದಿರುವ ಚೂರುಪಾರು ಕಿಣ್ವಕ್ಕೆ ಬಿಡುವು ಸಿಗುತ್ತದೆ. ಜೀರ್ಣಶಕ್ತಿ ಕಡಿಮೆಯಿರುವ ಬಹಳ ಜನ ಒಂದು ಸಲಕ್ಕೆ 12 ಗ್ರಾಂವರೆಗೆ, ಎಂದರೆ ಒಂದು ಲೋಟ ಹಾಲಿನಷ್ಟನ್ನು, ಹೆಚ್ಚು ತೊಂದರೆಯಿಲ್ಲದೆ ತಾಳುತ್ತಾರೆಂದು ವೈದ್ಯರು ಹೇಳಿದ್ದರು. ನನ್ನ ಗಡಿ ಅದಕ್ಕಿಂತ ಈಚೆ, 7 ಗ್ರಾಂ ಹತ್ತಿರ. ನಿಮ್ಮದು ಬೇರೆ ಇದ್ದೀತು. ಹಾಲನ್ನು ಎಷ್ಟು ಕುದಿಸಿದರೂ ಈ ಗಡಿ ಬದಲಾಗುವುದಿಲ್ಲ, ಕುದಿತಕ್ಕೆ ಲ್ಯಾಕ್ಟೋಸ್ ಬಗ್ಗುವುದಿಲ್ಲ. ಆಡಿನ ಹಾಲು ಹಗುರ ಎನ್ನುವವರ ಮಾತು ಕೇಳಿ ಅದನ್ನೂ ಅಳೆದು ಕುಡಿದೆ. ಅದರಲ್ಲೂ ಲ್ಯಾಕ್ಟೋಸ್ ಹೆಚ್ಚುಕಡಿಮೆ ಅಷ್ಟೇ ಇದೆ, ಹೊಟ್ಟೆಯೂ ಅಷ್ಟೇ ಕೂಗಿತು.

ಮೊಸರು ನನ್ನನ್ನು ಅಚ್ಚರಿಗೊಳಿಸಿತು. ಹೆಪ್ಪುಗಟ್ಟುವಾಗ ಸೂಕ್ಷ್ಮಜೀವಿಗಳು ಒಂದಷ್ಟು ಲ್ಯಾಕ್ಟೋಸನ್ನು ತಿಂದು ಹಾಕುತ್ತವೆ. ಉಳಿದದ್ದನ್ನು ಬಿಡಿಸಲು ಬೇಕಾದ ಕಿಣ್ವವನ್ನು ಅವೇ ಹೊತ್ತುಕೊಂಡು ನಮ್ಮ ಕರುಳಿಗೆ ಇಳಿಯುತ್ತವೆ. ಬಾಡಿಗೆ ಕೆಲಸಗಾರರನ್ನು ಊಟದ ಜೊತೆಗೇ ಕಳುಹಿಸಿದಂತೆ. ಮೊಸರನ್ನು ಬಿಸಿ ಮಾಡಿದರೆ ಅವು ಸಾಯುತ್ತವೆ, ಈ ಲಾಭ ಕೈತಪ್ಪುತ್ತದೆ. ಬಹುಕಾಲ ಮಾಗಿಸಿದ ಗಟ್ಟಿ ಚೀಸ್‌ಗಳಲ್ಲಿ, ಚೆಡ್ಡಾರ್, ಪಾರ್ಮೆಸಾನ್‌ನಂಥವುಗಳಲ್ಲಿ, ಲ್ಯಾಕ್ಟೋಸ್ ಲೆಕ್ಕಕ್ಕಿಲ್ಲದಷ್ಟು. ಬೆಣ್ಣೆಯಲ್ಲೂ ಕಡಿಮೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನನಗೆ ತೊಂದರೆ ಕೊಟ್ಟದ್ದು ಬೆಳ್ಳಗಿಲ್ಲದ ಹಾಲು. ಹಾಲೇ ಇಲ್ಲದ ದಿನವೂ ಎರಡು ಸಲ ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತು. ಹುಡುಕಿದರೆ ಒಮ್ಮೆ ಪುಡಿ ಕಲಸಿ ಮಾಡಿದ ಸೂಪ್, ಇನ್ನೊಮ್ಮೆ ವ್ಯಾಯಾಮ ಮಾಡುವ ಗೆಳೆಯ ಪ್ರೀತಿಯಿಂದ ಕಲಸಿಕೊಟ್ಟ ಪ್ರೋಟೀನ್ ಪಾನೀಯ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ತೂಕದ ಅರ್ಧದಷ್ಟು ಲ್ಯಾಕ್ಟೋಸೇ. ಅಂದಿನಿಂದ ಪೊಟ್ಟಣದ ಹಿಂಬದಿಯಲ್ಲಿ ನಾನು ಹುಡುಕುವುದು ಹಾಲಿನ ಪುಡಿ, ಹಾಲಿನ ಘನಾಂಶ, ವೇ ಪುಡಿ (ಹಾಲು ಒಡೆದಾಗ ಉಳಿಯುವ ನೀರನ್ನು ಒಣಗಿಸಿದ ಪುಡಿ) ಎಂಬ ಮಾತುಗಳನ್ನು. ಅವು ಪಟ್ಟಿಯಲ್ಲಿ ಎಷ್ಟು ಮೇಲಿವೆ ಎಂಬುದನ್ನೂ ನೋಡುತ್ತೇನೆ. ಮಾತ್ರೆಗಳಲ್ಲೂ ಭರ್ತಿಗೆ ಲ್ಯಾಕ್ಟೋಸ್ ಬಳಸುತ್ತಾರೆ. ನಾನು ಆರು ತಿಂಗಳು ನುಂಗಿದ ಮಾತ್ರೆಯಲ್ಲೂ ಇತ್ತು! ಆದರೆ ಅದು ಒಂದು ಗ್ರಾಮಿನ ಸಣ್ಣ ಚೂರು. ಅದಕ್ಕೆ ಹೆದರಿ ಯಾರೂ ಔಷಧಿ ಬಿಡಬೇಕಾಗಿಲ್ಲ.

ಕಿಣ್ವದ ಮಾತ್ರೆಯೂ ಸಿಗುತ್ತದೆ. ಮೊದಲ ಸಲ ಅದನ್ನು ಐಸ್‌ಕ್ರೀಂ ತಿಂದು, ಹೊಟ್ಟೆ ಉಬ್ಬಿದ ಮೇಲೆ ನುಂಗಿದೆ. ರೈಲು ಹೋದ ಮೇಲೆ ಟಿಕೆಟ್ ಕೊಂಡಂತಾಯಿತು. ಮೊದಲ ತುತ್ತಿನ ಜೊತೆಗೇ ನುಂಗಬೇಕು. ಊಟ ಬಹಳ ಹೊತ್ತು ಎಳೆದರೆ ನಡುವೆ ಇನ್ನೊಂದು ಬೇಕಾಗಬಹುದು. ಮನೆಯಲ್ಲಿ ಅದಕ್ಕಿಂತ ನನಗೆ ಇಷ್ಟವಾದದ್ದು ಅದೇ ಕಿಣ್ವದ ದ್ರವರೂಪದ ಹನಿ. ಹಾಲಿಗೆ ಕೆಲವು ಹನಿ ಹಾಕಿ ಒಂದು ದಿನ ಫ್ರಿಜ್ಜಿನಲ್ಲಿಟ್ಟರೆ ಕಿಣ್ವ ತನ್ನ ಕೆಲಸವನ್ನು ಅಲ್ಲಿಯೇ ಮುಗಿಸುತ್ತದೆ. ಮಾರನೆಯ ಬೆಳಿಗ್ಗೆ ಕುಡಿದಾಗ ಸಕ್ಕರೆ ಹಾಕಿದವರು ಯಾರು ಎಂದು ಹೆಂಡತಿಯನ್ನು ಕೇಳಿದೆ. “ಯಾರೂ ಹಾಕಿಲ್ಲ, ನಿಮ್ಮ ಹನಿಯನ್ನೇ ಕೇಳಿ” ಎಂದಳು. ಒಡೆದ ಎರಡು ಸಕ್ಕರೆಗಳು ನಾಲಿಗೆಗೆ ಜೋಡಿ ಸಕ್ಕರೆಗಿಂತ ಹೆಚ್ಚು ಸಿಹಿ. ಸಕ್ಕರೆಯ ಒಟ್ಟು ಪ್ರಮಾಣ ಮಾತ್ರ ಅಷ್ಟೇ ಇರುತ್ತದೆ, ಕ್ಯಾಲ್ಸಿಯಂ ಕೂಡ. ಅಂಗಡಿಯ ಲ್ಯಾಕ್ಟೋಸ್‌ರಹಿತ ಹಾಲೂ ಸಾಮಾನ್ಯವಾಗಿ ಇದೇ ಉಪಾಯದ್ದು.

ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಲ್ಯಾಕ್ಟೋಸ್‌ರಹಿತ ಹಾಲನ್ನು ನೋಡಿ ಸಹೋದ್ಯೋಗಿಯೊಬ್ಬರು, ಮಗುವಿಗೆ ಹಾಲಿನ ಅಲರ್ಜಿ ಇದೆ, ಇದನ್ನೇ ಕೊಡಬಹುದಲ್ಲ ಎಂದು ಖುಷಿಪಟ್ಟರು. ನಾನು ಅವರ ಕೈಯಿಂದ ಡಬ್ಬಿ ಕಿತ್ತುಕೊಂಡೆ ಎಂದರೂ ತಪ್ಪಲ್ಲ. ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ, ಅದು ದೇಹದ ರಕ್ಷಣಾ ವ್ಯವಸ್ಥೆಯ ಜಗಳ. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆಯವರೆಗೂ ಹೋಗಬಹುದು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನ್ ಹಾಗೆಯೇ ಇರುತ್ತದೆ. ನನ್ನ ತೊಂದರೆ ಮುಜುಗರದ್ದು, ಆ ಮಗುವಿನದು ಪ್ರಾಣದ್ದು.

ಕ್ಯಾಲ್ಸಿಯಂ ಖಾತೆ ಈಗ ಸರಿಹೊಂದಿದೆ: ಮೊಸರು, ಹನಿ ಹಾಕಿದ ಹಾಲು, ಎಳ್ಳು, ಬಾದಾಮಿ, ಸೊಪ್ಪು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡುವುದಿಲ್ಲವಾದ್ದರಿಂದ ಅದನ್ನು ಜಮೆಗೆ ಹಿಡಿಯುವುದಿಲ್ಲ. ಸೋಯಾ ಹಾಲು ಕೊಂಡರೆ ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳುತ್ತೇನೆ, ಚೆನ್ನಾಗಿ ಕುಲುಕಿ ಬಗ್ಗಿಸುತ್ತೇನೆ. ಕುಲುಕದಿದ್ದರೆ ಸೇರಿಸಿದ ಕ್ಯಾಲ್ಸಿಯಂ ತಳದಲ್ಲೇ ಕೂರುತ್ತದೆ.

ಕಳೆದ ತಿಂಗಳು ಸ್ವಲ್ಪ ಸೊಕ್ಕು ಬಂತು. ಎರಡು ವರ್ಷದಿಂದ ದಿನವೂ ಸ್ವಲ್ಪ ಸ್ವಲ್ಪ ಹಾಲು ಕುಡಿಯುತ್ತಿದ್ದೇನೆ, ಕರುಳಿನ ಬ್ಯಾಕ್ಟೀರಿಯಾಗಳು ಕೆಲವರಲ್ಲಿ ಹಾಗೆ ರೂಢಿಯಾಗುತ್ತವೆಂದು ಓದಿದ್ದೇನೆ, ನೋಡಿಯೇ ಬಿಡೋಣ ಎಂದು ರಜೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಖಾಲಿ ಹೊಟ್ಟೆಯಲ್ಲಿ 200 ಮಿಲಿಲೀಟರ್ ಹಾಲನ್ನು, ಹನಿ ಹಾಕದೆ, ಕುಡಿದು ಕುಳಿತೆ. ಒಂಬತ್ತಾಯಿತು, ಏನೂ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳಿಕೊಳ್ಳೋಣ ಎಂದು ಮೊಬೈಲ್ ಎತ್ತಿಕೊಂಡೆ. ಒಂಬತ್ತು ಹತ್ತಕ್ಕೆ ಒಳಗಿನಿಂದ ಪರಿಚಿತ ದನಿ ಕೇಳಿಸಿತು. ಮೊಬೈಲ್ ಕೆಳಗಿಟ್ಟು, ಪುಸ್ತಕ ತೆರೆದು, ಸಮಯ ಬರೆದುಕೊಂಡು ಎದ್ದೆ.